ರೇಜ್ ಮತ್ತು ಲಿಫ್ಟ್: ಮಟ್ಟ ಏರಿಸುವುದು, ಜಾಗ ಬಿಡಿಸುವುದು

(ವಿಜಯಪುರದಲ್ಲಿ ಕನ್ನಡ ಮಾಧ್ಯಮ ಶಾಲೆಗಳ ಇಂಗ್ಲಿಷ್ ಶಿಕ್ಷಕರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ 'ರೇಜ್' ಎಂಬ ಕ್ರಿಯಾಪದವನ್ನು ಹುಡುಕಿದರೆ ಎತ್ತು, ಏರಿಸು, ಹೆಚ್ಚಿಸು, ಬೆಳೆಸು, ಸಾಕು, ಕಟ್ಟು, ಎಬ್ಬಿಸು, ಕೂಡಿಸು ಎಂದು ಅರ್ಥಗಳ ಉದ್ದನೆಯ ಸಾಲು ಸಿಗುತ್ತದೆ. ನಮ್ಮ ವಿದ್ಯಾರ್ಥಿಗಳು ಈ ಸಾಲಿನಲ್ಲಿ ಮೊದಲನೆಯದನ್ನು ನೆನಪಿಟ್ಟುಕೊಂಡು ಉಳಿದವನ್ನು ಬಿಡುತ್ತಾರೆ. 'ಲಿಫ್ಟ್' ಎಂಬ ಪದಕ್ಕೂ ಅದೇ ನಿಘಂಟಿನಲ್ಲಿ ಮೊದಲ ಅರ್ಥ 'ಎತ್ತು' ಎಂದೇ ಇರುವುದರಿಂದ ಇವೆರಡೂ ಒಂದೇ ಎಂಬ ಭಾವನೆ ಅವರಲ್ಲಿ ನೆಲೆಯೂರುತ್ತದೆ. ಪೆಟ್ಟಿಗೆ, ಕುರ್ಚಿ, ಚೀಲಗಳ ಮಾತು ನಡೆಯುವ ತನಕ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ತೆರಿಗೆಯ ಮಾತು ಬಂದಾಗ ನೋಡಿ. ಸರ್ಕಾರ ತೆರಿಗೆಯನ್ನು 'ರೇಜ್' ಮಾಡಿತು ಎಂದರೆ ಜನರ ಮೇಲಿನ ಹೊರೆ ಹೆಚ್ಚಿತು ಎಂದರ್ಥ. 'ಲಿಫ್ಟ್' ಮಾಡಿತು ಎಂದರೆ ಆ ಹೊರೆಯೇ ಹೋಯಿತು ಎಂದರ್ಥ. ಇನ್ನು ಕನ್ನಡದಲ್ಲಿ 'ತೆರಿಗೆ ಎತ್ತಿದರು' ಎಂದರೆ ಹೆಚ್ಚಿಸಿದ್ದೂ ಅಲ್ಲ, ತೆಗೆದದ್ದೂ ಅಲ್ಲ, ವಸೂಲಿ ಮಾಡಿದರು ಎಂದಾಗುತ್ತದೆ. ಒಂದೇ ಪದವೆಂದು ನಾವು ಕಲಿಸಿದ್ದು ಪರೀಕ್ಷೆಯ ಹಾಳೆಯ ಮೇಲೆ ಒಂದಕ್ಕೊಂದು ವಿರುದ್ಧವಾದ ಸುದ್ದಿಗಳಾಗಿ ನಿಲ್ಲುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ನಿಘಂಟು ಕೊಡುವ ಅರ್ಥಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವ ಅಗತ್ಯವಿಲ್ಲ. 'ಲಿಫ್ಟ್' ಎಂಬುದು ಒಂದು ವಸ್ತುವನ್ನು ಅದು ಇದ್ದ ಜಾಗದಿಂದ ಬಿಡಿಸುತ್ತದೆ. 'ರೇಜ್' ಎಂಬುದು ಆ ವಸ್ತು ಏಳುವಂತೆ, ಅಂದರೆ ತನ್ನ ಬುಡವನ್ನು ಬಿಡದೆಯೇ ಮೇಲಕ್ಕೆ ಬರುವಂತೆ ಮಾಡುತ್ತದೆ. ಮೊದಲನೆಯದರಲ್ಲಿ ಹಿಂದೆ ಖಾಲಿ ಜಾಗ ಉಳಿಯುತ್ತದೆ. ಎರಡನೆಯದರಲ್ಲಿ ಮಟ್ಟ ಬದಲಾಗುತ್ತದೆ. ಬಹುಪಾಲು ಬಳಕೆಗಳು ಈ ಒಂದು ಭೇದದಿಂದಲೇ ಹುಟ್ಟಿವೆ ಎಂದು ನನ್ನ ತಿಳಿವಳಿಕೆ.

ಇದಕ್ಕೆ ನಮ್ಮ ಕಣ್ಣೆದುರಿಗೇ ಇರುವ ಉದಾಹರಣೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ, ಈಗ ಅವರದೇ ಹೆಸರು ಹೊತ್ತಿರುವ ಆ ಜಲಾಶಯದ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಗಳಲ್ಲಿ ಓದುವವರು ಎರಡು ಮಾತುಗಳನ್ನು ಮತ್ತೆ ಮತ್ತೆ ಕಂಡಿರುತ್ತಾರೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಒಯ್ಯುವ ವಿಚಾರ, ಅಂದರೆ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟ ವಿಚಾರ ಬಂದಾಗಲೆಲ್ಲ ಅಲ್ಲಿ ಬಳಕೆಯಾಗುವುದು 'ರೇಜ್'. ಅದೇ ಜಲಾಶಯದ ಹಿನ್ನೀರನ್ನು ಪಂಪುಗಳಿಂದ ಮೇಲಕ್ಕೆ ತಂದು ಕಾಲುವೆಗೆ ಬಿಡುವ ಮುಳವಾಡ, ಚಿಮ್ಮಲಗಿ ಯೋಜನೆಗಳ ಮಾತು ಬಂದಾಗ ಬಳಕೆಯಾಗುವುದು 'ಲಿಫ್ಟ್'. ಒಂದೇ ನದಿ, ಒಂದೇ ನೀರು, ಎರಡೂ ಕಡೆ ನಡೆಯುವುದು ಮೇಲಕ್ಕೆ ಏರುವ ಕೆಲಸವೇ. ಹಾಗಿದ್ದರೂ ಯಾವ ಇಂಜಿನಿಯರನೂ ಅಣೆಕಟ್ಟನ್ನು 'ಲಿಫ್ಟ್' ಮಾಡುತ್ತೇವೆ ಎಂದು ಬರೆಯಲಾರ. ಬರೆದರೆ ಅಣೆಕಟ್ಟನ್ನೇ ಕಿತ್ತು ಬೇರೆಡೆಗೆ ಒಯ್ಯುತ್ತಾರೆಂದು ಓದುವವರು ತಿಳಿಯಬೇಕಾಗುತ್ತದೆ. ಅಣೆಕಟ್ಟು ತನ್ನ ತಳಪಾಯದ ಮೇಲೆಯೇ ನಿಂತು ಎತ್ತರವಾಗುತ್ತದೆ, ಜಲಾಶಯದ ನೀರೂ ತನ್ನ ಪಾತ್ರವನ್ನು ಬಿಡದೆ ಮಟ್ಟವನ್ನಷ್ಟೇ ಹೆಚ್ಚಿಸಿಕೊಳ್ಳುತ್ತದೆ, ಆದ್ದರಿಂದ ಅದು 'ರೇಜ್'. ಮುಳವಾಡದ ಪಂಪಿಗೆ ಸಿಕ್ಕ ನೀರು ಮಾತ್ರ ಕೃಷ್ಣೆಯ ಪಾತ್ರವನ್ನು ಬಿಟ್ಟು ಹೊರಡುತ್ತದೆ. ಮತ್ತೆ ಅದು ಅದೇ ಜಾಗಕ್ಕೆ ಮರಳುವುದಿಲ್ಲ, ಹೊಲಕ್ಕೋ ಕೆರೆಗೋ ಸೇರುತ್ತದೆ. ಆದ್ದರಿಂದ ಅದು 'ಲಿಫ್ಟ್'.

ಕನ್ನಡದಲ್ಲಿ ನಾವು ಇದನ್ನು ಏತ ನೀರಾವರಿ ಎನ್ನುತ್ತೇವೆ. ಯಂತ್ರಗಳು ಬರುವ ಮೊದಲು ಬಾವಿಯ ನೀರನ್ನು ಮೇಲಕ್ಕೆ ತರಲು ಬಳಸುತ್ತಿದ್ದ ಉದ್ದನೆಯ ಸನ್ನೆಮರದ ಸಾಧನಕ್ಕೆ ಏತ ಎಂಬ ಹೆಸರಿತ್ತು. ನೂರಾರು ಅಶ್ವಶಕ್ತಿಯ ಪಂಪುಗಳ ಯೋಜನೆಗೂ ಆ ಹಳೆಯ ಸಾಧನದ ಹೆಸರನ್ನೇ ಕೊಟ್ಟವರು ಯಾರೋ ನನಗೆ ತಿಳಿಯದು, ಆದರೆ ಅವರು ಭಾಷೆ ಬಲ್ಲವರು ಎಂಬುದರಲ್ಲಿ ಸಂಶಯವಿಲ್ಲ.

ಈ ಭೇದ ಮನಸ್ಸಿನಲ್ಲಿ ಕುಳಿತ ಮೇಲೆ ಜೋಡಿ ಜೋಡಿಯಾಗಿ ಉದಾಹರಣೆಗಳನ್ನು ಕೊಟ್ಟು ಕಲಿಸುವುದು ಸುಲಭ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಕಿಲಾರಿ ಹೋರಿಗಳನ್ನು ಹೊಡೆದುಕೊಂಡು ಬರುವ ರೈತನನ್ನು ನೆನೆಯಿರಿ. ಅವನು ದನಗಳನ್ನು 'ರೇಜ್' ಮಾಡುತ್ತಾನೆ, ಅಂದರೆ ಸಾಕಿ ದೊಡ್ಡದು ಮಾಡುತ್ತಾನೆ. ಅದೇ ದನಗಳನ್ನು ಯಾರಾದರೂ 'ಲಿಫ್ಟ್' ಮಾಡಿದರೆ ರೈತ ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ, ಏಕೆಂದರೆ ದನ ಕದಿಯುವುದಕ್ಕೆ ಇಂಗ್ಲಿಷಿನಲ್ಲಿ 'ಕ್ಯಾಟಲ್ ಲಿಫ್ಟಿಂಗ್' ಎಂದೇ ಹೆಸರು. ಕೊಟ್ಟಿಗೆಯಿಂದ ದನ ಒಯ್ಯುವ ಚಿರತೆಗೂ ಹಳೆಯ ಬೇಟೆಗಾರರ ಇಂಗ್ಲಿಷಿನಲ್ಲಿ ಇದೇ ಬಿರುದು ಇತ್ತು. ಅಂಗಡಿಯಲ್ಲಿ ಕಣ್ತಪ್ಪಿಸಿ ಸಾಮಾನು ಜೇಬಿಗೆ ಹಾಕುವವನು 'ಶಾಪ್‌ಲಿಫ್ಟರ್'. ಇನ್ನೊಬ್ಬರ ಲೇಖನದಿಂದ ಸಾಲುಗಳನ್ನು ಹೇಳದೆ ಕೇಳದೆ ತೆಗೆದುಕೊಂಡವನ ಮೇಲೂ ಅದೇ ಕ್ರಿಯಾಪದದ ಆರೋಪ ಬರುತ್ತದೆ. ಕಳ್ಳತನಕ್ಕೂ ಎತ್ತುವುದಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿ ಕೇಳಿದರೆ, ಇದ್ದ ಜಾಗದಲ್ಲಿ ವಸ್ತು ಇಲ್ಲದಂತಾಗುವುದೇ ಸಂಬಂಧ ಎಂದು ಹೇಳಬಹುದು. ಕನ್ನಡದ 'ಎತ್ತಿಹಾಕಿದ' ಎಂಬ ಮಾತು ಅವನಿಗೆ ತಕ್ಷಣ ನೆನಪಾಗುತ್ತದೆ.

ಬೆಳೆಗೂ ಹೀಗೆಯೇ. ಉಳ್ಳಾಗಡ್ಡಿಯ ಸಸಿಗಳನ್ನು ಮಡಿಯಲ್ಲಿ ಬೆಳೆಸುವುದು 'ರೇಜ್'. ಗಡ್ಡೆ ಬಲಿತ ಮೇಲೆ ಅದನ್ನು ಮಣ್ಣಿನಿಂದ ಕೀಳುವುದು ಬ್ರಿಟಿಷ್ ರೈತರ ಮಾತಿನಲ್ಲಿ 'ಲಿಫ್ಟ್'. ಆಲೂಗಡ್ಡೆಗೂ ಅವರು ಇದನ್ನೇ ಬಳಸುತ್ತಾರೆ. ಈ ಎರಡನೆಯ ಬಳಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ, ಆದರೆ ಭೇದವನ್ನು ತೋರಿಸಲು ಇದಕ್ಕಿಂತ ಸ್ಪಷ್ಟವಾದದ್ದು ಸಿಗಲಾರದು: ಬೇರು ನೆಲದಲ್ಲಿರುವ ತನಕ ಒಂದು ಕ್ರಿಯಾಪದ, ಬೇರು ನೆಲ ಬಿಟ್ಟ ಮೇಲೆ ಇನ್ನೊಂದು.

ಹಣದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ಊರುಗಳಲ್ಲಿ ಗಣೇಶ ಚೌತಿಗೆ ಪಟ್ಟಿ ಎತ್ತುತ್ತಾರೆ, ಜಾತ್ರೆಗೆ ಚಂದಾ ಎತ್ತುತ್ತಾರೆ, ಚೀಟಿ ವ್ಯವಹಾರದಲ್ಲಿ ಚೀಟಿ ಎತ್ತುತ್ತಾರೆ, ಮಗಳ ಮದುವೆಗೆ ಸಾಲ ಎತ್ತುತ್ತಾರೆ. ಇವುಗಳಲ್ಲಿ ಚಂದಾ ಮತ್ತು ಸಾಲ ಇಂಗ್ಲಿಷಿನಲ್ಲಿ 'ರೇಜ್' ಆಗುತ್ತವೆ, ಏಕೆಂದರೆ ಅಲ್ಲಿ ಇಲ್ಲದ ಮೊತ್ತವೊಂದು ಕೂಡಿ ಕೂಡಿ ಏಳುತ್ತದೆ. ಗಣೇಶ ಮಂಡಳಿಯವರು ಐವತ್ತು ಸಾವಿರ ರೂಪಾಯಿ 'ಲಿಫ್ಟ್' ಮಾಡಿದರು ಎಂದು ಯಾರಾದರೂ ವರದಿ ಬರೆದರೆ ಮಂಡಳಿಯ ಅಧ್ಯಕ್ಷರು ಮಾನನಷ್ಟ ಮೊಕದ್ದಮೆ ಹೂಡಬಹುದು.

ಬೆಳಗಾವಿಯಿಂದ ಬಂದವರಿಗೆ ಮತ್ತೊಂದು ಉದಾಹರಣೆ. ಅಲ್ಲಿ ಕೇಂದ್ರವನ್ನು ಹೊಂದಿರುವ ಮರಾಠಾ ಲಘು ಪದಾತಿ ದಳದ ಮೂಲವನ್ನು 1768ರಲ್ಲಿ 'ರೇಜ್' ಆದ ಬಾಂಬೆ ಸಿಪಾಯಿಗಳ ಪಡೆಯವರೆಗೆ ಗುರುತಿಸುತ್ತಾರೆ. ಸೈನ್ಯದಲ್ಲಿ ಹೊಸ ಪಲ್ಟನ್ನನ್ನು ಸ್ಥಾಪಿಸುವುದಕ್ಕೆ ಇದೇ ಪದ. ಅದು ಹುಟ್ಟಿದ ದಿನಕ್ಕೆ 'ರೇಜಿಂಗ್ ಡೇ' ಎಂದು ಹೆಸರು. ಆ ಪಲ್ಟನ್ನನ್ನೇ ವಿಮಾನದಲ್ಲಿ ಗಡಿಗೆ ಸಾಗಿಸಿದರೆ ಅದು 'ಏರ್‌ಲಿಫ್ಟ್'. ಒಂದರಲ್ಲಿ ಸೈನ್ಯ ಹುಟ್ಟುತ್ತದೆ, ಇನ್ನೊಂದರಲ್ಲಿ ಹುಟ್ಟಿದ ಸೈನ್ಯ ಜಾಗ ಬಿಡುತ್ತದೆ. ಆರ್ಥಿಕ ವರದಿಗಳಲ್ಲಿಯೂ ಈ ಭೇದ ಕಟ್ಟುನಿಟ್ಟಾಗಿದೆ: ಜನರನ್ನು ಬಡತನದಿಂದ 'ಲಿಫ್ಟ್' ಮಾಡುತ್ತಾರೆ, ಅವರ ಜೀವನಮಟ್ಟವನ್ನು 'ರೇಜ್' ಮಾಡುತ್ತಾರೆ. ಬಡತನವನ್ನು ಬಿಟ್ಟು ಬರುವುದು ಒಂದು, ಇದ್ದ ಮಟ್ಟ ಮೇಲಾಗುವುದು ಇನ್ನೊಂದು.

ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಯನ್ನು ತಾವೆಲ್ಲ ನೋಡಿದ್ದೀರಿ. ಕಲ್ಲು ನೆಲ ಬಿಡಬೇಕು. ನೆಲ ಬಿಡದಿದ್ದರೆ ಗೆಲುವಿಲ್ಲ. ಇಂಗ್ಲಿಷಿನ 'ವೇಟ್‌ಲಿಫ್ಟಿಂಗ್', 'ಡೆಡ್‌ಲಿಫ್ಟ್' ಪದಗಳಲ್ಲಿ ಇರುವುದೂ ಇದೇ ಷರತ್ತು. ಆದರೆ ಈಗ ಹುಡುಗರು ಹೋಗುವ ಜಿಮ್ಮಿನಲ್ಲಿ 'ಲ್ಯಾಟರಲ್ ರೇಜ್', 'ಕಾಫ್ ರೇಜ್' ಎಂಬ ವ್ಯಾಯಾಮಗಳೂ ಇವೆ. ಮೊದಲನೆಯದರಲ್ಲಿ ತೋಳುಗಳನ್ನು ಪಕ್ಕಕ್ಕೆ ಮೇಲೆತ್ತುತ್ತಾರೆ, ಎರಡನೆಯದರಲ್ಲಿ ತುದಿಗಾಲಿನ ಮೇಲೆ ನಿಂತು ಹಿಮ್ಮಡಿ ಎತ್ತುತ್ತಾರೆ. ತೋಳು ಭುಜವನ್ನು ಬಿಡುವುದಿಲ್ಲ, ತುದಿಗಾಲು ನೆಲವನ್ನು ಬಿಡುವುದಿಲ್ಲ. ಯಾವ ವ್ಯಾಕರಣಕಾರನೂ ಕುಳಿತು ಮಾಡಿದ ಹೆಸರುಗಳಲ್ಲ ಇವು. ಭಾಷೆಯ ಕಿವಿಯಿರುವ ಸಾಮಾನ್ಯ ಜನ ಇಟ್ಟ ಹೆಸರುಗಳು. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿ ಕೈಯನ್ನು 'ರೇಜ್' ಮಾಡುತ್ತಾಳೆ ಎಂಬುದಕ್ಕೂ, ಹಸಿ ಬಣ್ಣದ ಗೋಡೆಯ ಮೇಲಿಟ್ಟ ಕೈಯನ್ನು 'ಲಿಫ್ಟ್' ಮಾಡು ಎಂದು ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಇದೇ ಬಗೆಯಲ್ಲಿ ವಿವರಿಸಬಹುದು.

ಈ ಎರಡು ಪದಗಳ ಹುಟ್ಟಿನಲ್ಲಿಯೇ ಈ ಭೇದದ ಬೀಜವಿದೆ. ಎರಡೂ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ. ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತ ಕಾಲದ ಕೊಡುಗೆ ಅದು. ಮೊಟ್ಟೆಗೆ, ಆಕಾಶಕ್ಕೆ ಇಂಗ್ಲಿಷಿನಲ್ಲಿ ಇಂದು ಇರುವ ಪದಗಳೂ ಆ ಮೂಲದವೇ. ನಾರ್ಸಿನಲ್ಲಿ 'ಲೋಪ್ಟ್' ಎಂದರೆ ಗಾಳಿ, ಮೇಲಿನ ಅವಕಾಶ. ಅದರಿಂದ ಹುಟ್ಟಿದ 'ಲಿಪ್ತ' ಎಂಬ ಕ್ರಿಯಾಪದದ ಅರ್ಥ ಗಾಳಿಗೆ ಒಯ್ಯುವುದು ಎಂದಾಗುತ್ತದೆ. ಅದೇ ಇಂದಿನ 'ಲಿಫ್ಟ್'. 'ರೇಜ್' ಬಂದದ್ದು 'ರೈಸ' ಎಂಬ ಕ್ರಿಯಾಪದದಿಂದ. ಅದು 'ಏಳು' ಎಂಬ ಅರ್ಥದ ಧಾತುವಿನ ಪ್ರೇರಣಾರ್ಥಕ ರೂಪ, ಅಂದರೆ 'ಏಳಿಸು'. ಇಂಗ್ಲಿಷಿನ ಸ್ವಂತ 'ರೈಜ್' ಇದರ ಒಡಹುಟ್ಟು.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದು ನನ್ನ ದೂರು. 'ರೈಜ್' ಮತ್ತು 'ರೇಜ್' ಇವೆರಡನ್ನು ಗೊಂದಲ ಮಾಡಿಕೊಳ್ಳದ ವಿದ್ಯಾರ್ಥಿ ಅಪರೂಪ. ಬೆಲೆಗಳು 'ರೇಜ್' ಆದವು ಎಂದು ಬರೆಯುತ್ತಾರೆ, ಅಂಗಡಿಕಾರ ಬೆಲೆಯನ್ನು 'ರೈಜ್' ಮಾಡಿದ ಎಂದೂ ಬರೆಯುತ್ತಾರೆ. ನಾವು ಸಕರ್ಮಕ, ಅಕರ್ಮಕ ಎಂಬ ಪಾರಿಭಾಷಿಕ ಪದಗಳನ್ನು ಹಲಗೆಯ ಮೇಲೆ ಬರೆದು ವಿವರಿಸಲು ಹೊರಡುತ್ತೇವೆ. ಅದರ ಬದಲು ಮಗುವಿನ ಬಾಯಲ್ಲಿ ಆಗಲೇ ಇರುವ ವ್ಯಾಕರಣವನ್ನು ತೋರಿಸಿದರೆ ಸಾಕು. ಬೆಲೆ ಏರಿತು, ಬೆಲೆ ಏರಿಸಿದರು. ಹುಡುಗ ಎದ್ದ, ಹುಡುಗನನ್ನು ಎಬ್ಬಿಸಿದರು. ಪೈರು ಬೆಳೆಯಿತು, ಪೈರು ಬೆಳೆಸಿದರು. ಕನ್ನಡದ ವಾಕ್ಯದಲ್ಲಿ 'ಇಸು' ಇದ್ದರೆ 'ರೇಜ್', ಇಲ್ಲದಿದ್ದರೆ 'ರೈಜ್'. ನಾಲ್ಕನೆಯ ತರಗತಿಯ ಮಗುವೂ ಸೂರ್ಯ ಏರಿಸಿದ ಎಂದು ಹೇಳುವುದಿಲ್ಲವಲ್ಲ. ರೂಪಗಳನ್ನು ಮಾತ್ರ ಬಾಯಿಪಾಠ ಮಾಡಿಸಲೇಬೇಕು: 'ರೈಜ್, ರೋಜ್, ರಿಜನ್' ಎಂದು ಅಕರ್ಮಕ ರೂಪ ಸ್ವರ ಬದಲಿಸುತ್ತದೆ, 'ರೇಜ್, ರೇಜ್ಡ್, ರೇಜ್ಡ್' ಎಂದು ಸಕರ್ಮಕ ರೂಪ ನೇರವಾಗಿ ನಡೆಯುತ್ತದೆ. ಇಂಗ್ಲಿಷಿನ ಹಳೆಯ ಪ್ರೇರಣಾರ್ಥಕಗಳಲ್ಲಿ ಇದೇ ಮಾದರಿ ಬೇರೆಡೆಯೂ ಉಳಿದಿದೆ. 'ಲೈ' ಎಂದರೆ ಮಲಗು, 'ಲೇ' ಎಂದರೆ ಮಲಗಿಸು. 'ಸಿಟ್' ಎಂದರೆ ಕೂಡು, 'ಸೆಟ್' ಎಂದರೆ ಕೂಡಿಸು. 'ಫಾಲ್' ಎಂದರೆ ಬೀಳು, 'ಫೆಲ್' ಎಂದರೆ ಕಡಿದು ಬೀಳಿಸು. ಇಂಗ್ಲಿಷ್ ಇಂತಹ ಬೆರಳೆಣಿಕೆಯ ಜೋಡಿಗಳನ್ನು ಉಳಿಸಿಕೊಂಡಿದೆ. ಕನ್ನಡ 'ಇಸು' ಎಂಬ ಒಂದೇ ಪ್ರತ್ಯಯದಿಂದ ಬೇಕಾದಷ್ಟು ಕಟ್ಟುತ್ತದೆ. 'ಲಿಫ್ಟ್' ಮಾತ್ರ ಎರಡೂ ಕಡೆ ಸಲ್ಲುತ್ತದೆ. ಪೆಟ್ಟಿಗೆಯನ್ನು ನಾವು 'ಲಿಫ್ಟ್' ಮಾಡುತ್ತೇವೆ. ಬೆಳಗಾವಿಯ ಮಳೆಗಾಲದ ಮಂಜು ತಾನಾಗಿಯೇ 'ಲಿಫ್ಟ್' ಆಗುತ್ತದೆ, ಅಂದರೆ ಕರಗಿ ಸರಿಯುತ್ತದೆ. ಮತ್ತೆ ಅಲ್ಲಿಯೂ ಜಾಗ ಖಾಲಿಯಾಗುವ ಅರ್ಥವೇ.

ಉಚ್ಚಾರದ ಬಗ್ಗೆ ಒಂದು ಮಾತು. ಏಳಿಸು ಎಂಬ ಅರ್ಥದ 'ರೇಜ್', ಕೋಪ ಎಂಬ ಅರ್ಥದ 'ರೇಜ್', ನೆಲಸಮ ಮಾಡು ಎಂಬ ಅರ್ಥದ 'ರೇಜ್' ಈ ಮೂರನ್ನೂ ಕನ್ನಡ ಲಿಪಿಯಲ್ಲಿ ಒಂದೇ ರೀತಿ ಬರೆಯಬೇಕಾಗುತ್ತದೆ. ಕೋಪದ್ದು ನಮ್ಮ 'ಜ'ಕಾರ. ಉಳಿದೆರಡರದು ನುಕ್ತೆ ಹಾಕಿ 'ಜ಼' ಎಂದು ಸೂಚಿಸಬೇಕಾದ ಧ್ವನಿ. ದಖನಿ ಉರ್ದುವನ್ನು ಕೇಳುತ್ತ ಬೆಳೆದ ವಿಜಯಪುರದ ಮಕ್ಕಳಿಗೆ ಈ ಧ್ವನಿಯನ್ನು ಕಲಿಸುವ ಶ್ರಮವೇ ಇಲ್ಲ. ಓಣಿಯಲ್ಲಿ ಕೇಳುವ ಜ಼ಮೀನು, ಬಜ಼ಾರಗಳ ಧ್ವನಿಯೇ ಇದು ಎಂದರೆ ಸಾಕು. ಕಟ್ಟಡವನ್ನು ಕಟ್ಟಿ ನಿಲ್ಲಿಸುವುದು ಮತ್ತು ಅದನ್ನು ನೆಲಸಮ ಮಾಡುವುದು ಇಂಗ್ಲಿಷಿನಲ್ಲಿ ಉಚ್ಚಾರದಲ್ಲಿ ಒಂದೇ ಆಗಿ ಕಾಗುಣಿತದಲ್ಲಿ ಮಾತ್ರ ಬೇರೆಯಾಗಿರುವುದು ಭಾಷೆಯ ಕುಚೋದ್ಯ ಎನ್ನಬೇಕು. ಎರಡನೆಯದು ಕೆರೆಯುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಮುಖ ಕ್ಷೌರದ ರೇಜರ್ ಅದರ ಬಳಗ.

ಇನ್ನು ನಮ್ಮ 'ಎತ್ತು'. ಇದು 'ಲಿಫ್ಟ್' ಕಡೆಗೂ 'ರೇಜ್' ಕಡೆಗೂ ಒಲಿಯುವ ಕ್ರಿಯಾಪದವಾದ್ದರಿಂದಲೇ ಗೊಂದಲದ ಮೂಲವೂ ಆಗಿದೆ. ವಿದ್ಯಾರ್ಥಿಗಳು ಹೋರಿಯ ಅರ್ಥದ 'ಎತ್ತು' ಇದಕ್ಕೆ ಸಂಬಂಧಿಸಿದ್ದೇ ಎಂದು ಕೇಳುವುದುಂಟು. ನೆರೆಯ ತೆಲುಗಿನಲ್ಲಿ ಎತ್ತುವುದಕ್ಕೆ 'ಎತ್ತು' ಎಂದೇ ಇದ್ದು, ಹೋರಿಗೆ 'ಎದ್ದು' ಎನ್ನುತ್ತಾರೆ. ತಮಿಳಿನಲ್ಲಿ ಹೋರಿ 'ಎರುದು'. ಆದ್ದರಿಂದ ಇವು ಎರಡು ಬೇರೆ ಪದಗಳು, ಕನ್ನಡದಲ್ಲಿ ಬಂದು ಒಂದೇ ರೂಪ ತಾಳಿವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎತ್ತುವ ಅರ್ಥವಿರುವುದು 'ಎತ್ತು' ಎಂಬಲ್ಲಿ ಅಲ್ಲ, 'ಏರಿ' ಎಂಬಲ್ಲಿ.

ಕನ್ನಡದ 'ಎತ್ತು' ಜಾಗ ಬಿಡಿಸುವ ಅರ್ಥದಲ್ಲಿ ಎಷ್ಟು ಪಳಗಿದೆ ಎಂಬುದಕ್ಕೆ ಸರ್ಕಾರಿ ನೌಕರರಾದ ತಮಗೆ ಬೇರೆ ಉದಾಹರಣೆ ಬೇಡ: ಎತ್ತಂಗಡಿ. ಅಂಗಡಿ ಎತ್ತಿದರು ಎಂದರೆ ಅಂಗಡಿ ಬಂದ್ ಆಯಿತು, ಬಿಡಾರ ಎತ್ತಿದರು ಎಂದರೆ ಊರು ಬಿಟ್ಟರು. ಪಡಿತರ ಇಲಾಖೆಯ ಕಾಗದಪತ್ರಗಳಲ್ಲಿ ಗೋದಾಮಿನಿಂದ ಅಕ್ಕಿ, ಗೋಧಿ ಸಾಗಿಸುವುದಕ್ಕೆ ಇಂಗ್ಲಿಷಿನಲ್ಲಿ 'ಲಿಫ್ಟಿಂಗ್' ಎಂದಿದ್ದರೆ ಕನ್ನಡದಲ್ಲಿ 'ಎತ್ತುವಳಿ' ಎಂದಿದೆ. ಎರಡೂ ಭಾಷೆ ಇಲ್ಲಿ ಸರಿಸಮನಾಗಿ ಹೊಂದಿಕೊಂಡಿವೆ. ಕರ್ಫ್ಯೂ ಅಥವಾ ನಿಷೇಧವನ್ನು 'ಲಿಫ್ಟ್' ಮಾಡುವುದಕ್ಕೆ ಮಾತ್ರ ನಾವು ಎತ್ತು ಎನ್ನದೆ ತೆರವು ಎನ್ನುತ್ತೇವೆ. ತೆರವು ಎಂದರೂ ಖಾಲಿ ಮಾಡುವುದೇ ಎಂಬುದನ್ನು ಗಮನಿಸಬೇಕು.

ಕೈ ಎತ್ತುವ ಮಾತಿನಲ್ಲಿ ಎರಡು ಭಾಷೆಗಳು ಅರ್ಧ ದಾರಿ ಜೊತೆಗೆ ನಡೆದು ಬೇರೆಯಾಗುತ್ತವೆ. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈ ಎತ್ತಬಾರದು ಎಂಬುದನ್ನು ಇಂಗ್ಲಿಷಿಗೆ ಪದಕ್ಕೆ ಪದವಿಟ್ಟು ಅನುವಾದಿಸಬಹುದು. ವ್ಯಾಪಾರಿ ಕೈ ಎತ್ತಿಬಿಟ್ಟ ಎಂಬುದನ್ನು ಹಾಗೆ ಅನುವಾದಿಸಿದರೆ ಅವನು ತರಗತಿಯಲ್ಲಿ ಪ್ರಶ್ನೆ ಕೇಳಲು ಅಪ್ಪಣೆ ಬೇಡುತ್ತಿದ್ದಾನೆ ಎಂದು ಓದುಗ ತಿಳಿದಾನು. ಸಾಲ ತೀರಿಸಲಾರೆ ಎಂದು ದಿವಾಳಿಯೆದ್ದ ಎಂಬ ಅರ್ಥ ಹೋಗುವುದೇ ಇಲ್ಲ. ದನಿಯ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಸೂಕ್ಷ್ಮವಾಗಿದೆ. ಅನ್ಯಾಯದ ವಿರುದ್ಧ ದನಿ ಎತ್ತುವುದು ಬೇರೆ, ಹಿರಿಯರ ಮುಂದೆ ದನಿ ಏರಿಸುವುದು ಬೇರೆ. ಮೊದಲನೆಯದು ಮೆಚ್ಚುಗೆಗೆ, ಎರಡನೆಯದು ಬೈಗುಳಕ್ಕೆ ಪಾತ್ರ. ಇಂಗ್ಲಿಷ್ ಎರಡಕ್ಕೂ 'ರೇಜ್' ಒಂದನ್ನೇ ಬಳಸಿ, ಅರ್ಥವನ್ನು ಸುತ್ತಲಿನ ಮಾತುಗಳಿಗೆ ಬಿಟ್ಟುಬಿಡುತ್ತದೆ. ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಪ್ರಶ್ನೆಗಳನ್ನು ಎತ್ತಿದ ಶಾಸಕರು ದನಿ ಎತ್ತಿದರೋ ಏರಿಸಿದರೋ ಎಂಬುದು ಕನ್ನಡ ಪತ್ರಿಕೆ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಹೇಳಿದ ಭೇದಕ್ಕೆ ಸೊಪ್ಪು ಹಾಕದ ಬಳಕೆಗಳೂ ಇವೆ. ಮನಸ್ಸಿನ ಉತ್ಸಾಹವನ್ನು, ಕುಡಿಯುವ ಲೋಟವನ್ನು, ಜಲಾಶಯದ ಗೇಟನ್ನು ಇಂಗ್ಲಿಷಿನವರು ಎರಡೂ ಕ್ರಿಯಾಪದಗಳಿಂದ ಮೇಲೇರಿಸುತ್ತಾರೆ. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಒಂದು ಬಳಕೆ ನಮ್ಮ ಈ ಊರಿನ ಚರಿತ್ರೆಗೆ ನೇರವಾಗಿ ಸಂಬಂಧಿಸಿದ್ದು. 1685ರಲ್ಲಿ ಔರಂಗಜೇಬನ ಸೈನ್ಯ ವಿಜಯಪುರಕ್ಕೆ ಹಾಕಿದ ಮುತ್ತಿಗೆ 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಷಾ ಶರಣಾಗುವ ತನಕ ನಡೆಯಿತು. ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ಮುತ್ತಿಗೆಗಳನ್ನು 'ರೇಜ್' ಮಾಡಿದರು ಎಂದು ಬರುತ್ತದೆ, ಅದನ್ನು ಓದುವ ನಮ್ಮ ವಿದ್ಯಾರ್ಥಿ ಮುತ್ತಿಗೆ ಆರಂಭವಾಯಿತು ಎಂದೋ ಬಿಗಿಯಾಯಿತು ಎಂದೋ ತಿಳಿಯುತ್ತಾನೆ. ಅರ್ಥ ಪೂರ್ತಿ ವಿರುದ್ಧ: ಮುತ್ತಿಗೆ ಮುಗಿಯಿತು, ಸೈನ್ಯ ಹಿಂದಿರುಗಿತು. 'ಲಿಫ್ಟ್' ಎಂದರೂ ಇಲ್ಲಿ ಅದೇ ಅರ್ಥ. ಹಾಗಾದರೆ ಬುಡ ಬಿಡದೆ ಏಳುವುದು 'ರೇಜ್' ಎಂದು ಹೇಳಿದ್ದು ಎಲ್ಲಿ ಹೋಯಿತು? ಮುತ್ತಿಗೆ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ 'ಸೀಜ್' ಎಂಬ ಪದದ ಮೂಲ ಅರ್ಥ ಆಸನ. ಹಳೆಯ ಫ್ರೆಂಚಿನಿಂದ ಬಂದದ್ದು. ಕೋಟೆಯ ಮುಂದೆ ಸೈನ್ಯ ಕುಳಿತುಬಿಡುವುದೇ ಮುತ್ತಿಗೆ. ಕುಳಿತವರನ್ನು ಏಳಿಸಿದರೆ ಮುತ್ತಿಗೆ ಮುಗಿದಂತೆ. ನೋಡಿದಾಗ ಅಪವಾದವೆಂದು ಕಂಡದ್ದು 'ಏಳಿಸು' ಎಂಬ ಮೂಲಾರ್ಥವನ್ನು ಉಳಿದೆಲ್ಲ ಬಳಕೆಗಳಿಗಿಂತ ನಿಚ್ಚಳವಾಗಿ ಉಳಿಸಿಕೊಂಡಿದೆ ಎಂದು ನನಗೆ ತೋರುತ್ತದೆ. ಔರಂಗಜೇಬನ ಸೈನ್ಯ ಏಳಲಿಲ್ಲ ಎಂಬುದು ಬೇರೆ ಮಾತು.

ಧ್ವಜದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಗ್ಗ ಎಳೆದು ಧ್ವಜವನ್ನು ಕಂಬದ ತುದಿಗೆ ಏರಿಸುವುದಕ್ಕೆ 'ಹಾಯ್ಸ್ಟ್' ಎಂಬ ಪ್ರತ್ಯೇಕ ಪದವಿದೆ. ಬೆಳಗಾವಿಯ ಕೋಟೆ ಕೆರೆಯ ದಂಡೆಯ 110 ಮೀಟರ್ ಎತ್ತರದ ಕಂಬಕ್ಕೂ ನಮ್ಮ ಶಾಲೆಯ ಅಂಗಳದ ಕಬ್ಬಿಣದ ಕೊಳವೆಗೂ ಅದೇ ಸಲ್ಲುತ್ತದೆ. ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ನಡೆಯುವುದು ಇದು. ಜನವರಿ 26ರಂದು ಮಾತ್ರ ಆಗಲೇ ತುದಿಯಲ್ಲಿ ಕಟ್ಟಿರುವ ಧ್ವಜವನ್ನು ರಾಷ್ಟ್ರಪತಿಗಳು ಅರಳಿಸುತ್ತಾರೆ, ಏರಿಸುವುದಿಲ್ಲ; ಆದ್ದರಿಂದ ಆ ದಿನದ ಶಾಲಾ ವರದಿಯಲ್ಲಿ 'ಅನ್‌ಫರ್ಲ್' ಎಂದು ಬರೆಯಿಸುವುದು ಸರಿ. ಕಚೇರಿಯ ಇಂಗ್ಲಿಷಿನಲ್ಲಿ ಬಿಲ್ 'ರೇಜ್' ಮಾಡುವುದು, ದೂರು 'ರೇಜ್' ಮಾಡುವುದು ಈಗ ಎಲ್ಲೆಡೆ ನಡೆಯುತ್ತಿದೆ, ಅದನ್ನು ತಪ್ಪೆಂದು ಹೊಡೆದುಹಾಕುವ ಕಾಲ ಮುಗಿದಿದೆ. ಪಗಾರ ಹೆಚ್ಚಾಗುವುದಕ್ಕೆ ಅಮೆರಿಕದವರು 'ರೇಜ್' ಎಂದೂ ಬ್ರಿಟಿಷರು 'ರೈಜ್' ಎಂದೂ ಹೇಳುತ್ತಾರೆ. ಇಂಕ್ರಿಮೆಂಟ್ ಎಂಬ ಪದವಿರುವ ನಮಗೆ ಎರಡೂ ಬೇಡ.

ಉಪನ್ಯಾಸದ ನಂತರ ಶಿಕ್ಷಕಿಯೊಬ್ಬರು, "ಸರ್, ಮಕ್ಕಳನ್ನು ಬೆಳೆಸುವುದಕ್ಕೆ ಯಾವ ಪದ ಹೇಳಿಕೊಡಬೇಕ್ರಿ? ನಮ್ಮ ಹುಡುಗರು ಎಲ್ಲರೂ 'ಗ್ರೋ' ಅಂತ ಬರೀತಾರ" ಎಂದು ಕೇಳಿದರು. ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಜೋಳವನ್ನು, ದ್ರಾಕ್ಷಿಯನ್ನು 'ಗ್ರೋ' ಮಾಡಬಹುದು. ಮಕ್ಕಳು ತಾವಾಗಿ 'ಗ್ರೋ' ಆಗುತ್ತಾರೆಯೇ ಹೊರತು ತಾಯಿತಂದೆ ಅವರನ್ನು 'ಗ್ರೋ' ಮಾಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಭಾಷಾ ಮಡಿವಂತರು ದನಕರು ಮತ್ತು ಪೈರುಗಳಿಗೆ 'ರೇಜ್', ಮನುಷ್ಯರ ಮಕ್ಕಳಿಗೆ 'ರಿಯರ್' ಎಂದು ಗೆರೆ ಎಳೆದಿದ್ದರು. ಮಕ್ಕಳನ್ನು 'ರೇಜ್' ಮಾಡಿದೆವು ಎನ್ನುವ ಅಮೆರಿಕದವರನ್ನು ಅವರು ಹಾಸ್ಯ ಮಾಡುತ್ತಿದ್ದರು. 'ರಿಯರ್' ಮತ್ತು 'ರೇಜ್' ಒಂದೇ ಹಳೆಯ ಜರ್ಮಾನಿಕ್ ಧಾತುವಿನ ಎರಡು ರೂಪಗಳು, ಒಂದು ಇಂಗ್ಲೆಂಡಿನ ಮಣ್ಣಿನದು, ಇನ್ನೊಂದು ವೈಕಿಂಗರ ಜೊತೆ ಬಂದದ್ದು ಎಂಬುದು ಆ ಮಡಿವಂತರ ಗಮನಕ್ಕೆ ಬಂದಿರಲಿಲ್ಲವೋ ಏನೋ. ಇಂದು ಆ ಗೆರೆ ಅಳಿಸಿಹೋಗಿದೆ. ಸಿಂದಗಿಯಲ್ಲಿ ಹುಟ್ಟಿ ಜಮಖಂಡಿಯಲ್ಲಿ ಬೆಳೆದೆ ಎಂದು ಬರೆಯಬೇಕಾದ ವಿದ್ಯಾರ್ಥಿಗೆ 'ಬಾರ್ನ್ ಇನ್ ಸಿಂದಗಿ ಅಂಡ್ ರೇಜ್ಡ್ ಇನ್ ಜಮಖಂಡಿ' ಎಂದು ಹೇಳಿಕೊಡಬಹುದು, 'ಬ್ರಾಟ್ ಅಪ್' ಎಂದರೂ ಅಷ್ಟೇ ಸರಿ. 'ರಿಯರ್' ಎಂಬುದನ್ನು ರೇಷ್ಮೆ ಹುಳುವಿಗೂ ಕೋಳಿಗೂ ಇಟ್ಟುಕೊಂಡರೆ ಸಾಕು.